ಹೊಗೆಗೆ ಚಪ್ಪಾಳೆ ಬಿದ್ದ ಮ್ಯಾಟ್ನಿ

ಭಾನುವಾರದ ಮ್ಯಾಟ್ನಿ, ನಾಲ್ಕು ಗಂಟೆ ಏಳು ನಿಮಿಷ. ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಯಾವ ಗಳಿಗೆಯಲ್ಲಿ ಪರದೆಯ ಮೇಲೆ ಏನು ಓಡುತ್ತಿತ್ತು ಎಂಬುದನ್ನು ಪ್ರೊಜೆಕ್ಟರಿನ ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ವಿಚಾರಣೆಯಲ್ಲಿ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಆ ಗಳಿಗೆಯಲ್ಲಿ ನಾನು ಸ್ಟಾಲಿನ, ಎಂದರೆ ಕೆಳಗಿನ ಸೀಟುಗಳ, ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದೆ. ಹೊಗೆಯ ವಾಸನೆ ಬದಲಾಯಿತು.

ಅಲ್ಲಿಂದ ಮುಂದಿನ ಹತ್ತೊಂಬತ್ತು ದಿನ, ನನಗೆ ಗುರುತೇ ಇಲ್ಲದ ಒಬ್ಬ ಹುಡುಗಿ ಉಳಿಯುತ್ತಾಳೋ ಇಲ್ಲವೋ ಎಂಬುದನ್ನು ಬಿಟ್ಟು ನನಗೆ ಬೇರೆ ಯೋಚನೆ ಇರಲಿಲ್ಲ.

ಮುಂಬೈಯ ಭಾಂಡುಪಿನ ಒಂದು ಸಿಂಗಲ್ ಸ್ಕ್ರೀನ್ ಥಿಯೇಟರಿನಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಕಳೆದ ವರ್ಷ ನಿವೃತ್ತಳಾದೆ. ಈಚೆಗೆ ಮಾಟುಂಗದಲ್ಲಿ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ವಿಲೆ ಪಾರ್ಲೆಯ ಮಲ್ಟಿಪ್ಲೆಕ್ಸಿನಲ್ಲಿ ಡ್ಯೂಟಿ ಮ್ಯಾನೇಜರ್ ಆಗಿ ಸೇರಿದಳು. "ಆಂಟಿ, ಈ ಲೈನಲ್ಲಿ ಏನ್ ಸೀಖ್ನಾ ಇರ್ತದೆ? ಟ್ರೇನಿಂಗಲ್ಲಿ ಓನ್ಲಿ ಪಾಪ್‌ಕಾರ್ನ್ ಬಗ್ಗೆ ಹೇಳಿದ್ರು" ಎಂದಳು. ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಂದೆ ಮೈಸೂರಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು. ನಾನು ಬಿ.ಎ. ಮುಗಿಸಿ ಥಿಯೇಟರ್ ಸೇರುತ್ತೇನೆಂದಾಗ ಮನೆಯಲ್ಲಿ ಯಾರಿಗೂ ಇಷ್ಟವಾಗಲಿಲ್ಲ. ಟಿಕೆಟ್ ಕಿಟಕಿಯಿಂದ ಶುರುವಾಗಿ ಮ್ಯಾನೇಜರ್ ಕೋಣೆಯವರೆಗೆ ಹೇಗೆ ಹೋದೆ ಎಂಬ ವಿವರ ಬೇಡ, ಅದರಿಂದ ಕಲಿಯುವಂಥದ್ದೇನಿಲ್ಲ. ಕಲಿಯಬೇಕಾದದ್ದು ಪ್ರೇಕ್ಷಕರಿಂದ. ಅದರಲ್ಲೂ ಹಾರರ್ ಸಿನಿಮಾಕ್ಕೆ ಬರುವವರಿಂದ.

ಪ್ರೇಮದ ಸಿನಿಮಾ ನೋಡುವವರು ಪರದೆ ನೋಡುತ್ತಾರೆ. ಹಾರರ್ ನೋಡುವವರು ಪಕ್ಕದವರನ್ನು ನೋಡುತ್ತಾರೆ. ಸ್ಟಾಲಿನ ಹಿಂದೆ ನಿಂತರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಕಿರುಚುವ ದೃಶ್ಯಕ್ಕೆ ಮೊದಲು ತಲೆಗಳೆಲ್ಲ ಕೊಂಚ ಪಕ್ಕಕ್ಕೆ ತಿರುಗುತ್ತವೆ, ಇವನು ಹೆದರಿದನೋ ಇಲ್ಲವೋ ಎಂದು. ಹೆದರಿದ ಗಂಡಸು ನಗುತ್ತಾನೆ. ಬಹಳ ಹೆದರಿದವನು ಬಹಳ ನಗುತ್ತಾನೆ. ಒಬ್ಬ ಮನುಷ್ಯ ಒಂದೇ ಸಿನಿಮಾಕ್ಕೆ ಹನ್ನೊಂದು ಸಲ ಬಂದ, ಪ್ರತಿ ಸಲವೂ ಇಂಟರ್ವಲ್‌ಗೆ ಎದ್ದು ಹೋದ. ಕೊನೆಗೊಮ್ಮೆ ಕೇಳಿದೆ. "ಮುಂದಿನದ್ದು ನೋಡೋಕೆ ಆಗಲ್ಲ ಮೇಡಂ, ಆದ್ರೆ ನೋಡ್ದೇ ಇರೋಕೂ ಆಗಲ್ಲ" ಎಂದು ಮೆಟ್ಟಿಲಿಳಿದು ಹೋದ. ಇನ್ನೊಬ್ಬ ದೂರಿನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ: ಭಯ ಸಾಲಲಿಲ್ಲ, ಎ.ಸಿ. ಜಾಸ್ತಿಯಾಯಿತು.

ಹೆಂಗಸರ ವಿಷಯ ಬೇರೆ. ಹೆಂಗಸರನ್ನು ಕಟ್ಟಿಹಾಕಿ ಹಿಂಸಿಸುವುದನ್ನೇ ಬಂಡವಾಳ ಮಾಡಿಕೊಂಡ ಸಿನಿಮಾಗಳಿರುತ್ತವಲ್ಲ, ಅಂಥವು ಬಂದಾಗ ಬಾಲ್ಕನಿಯ ಲೇಡೀಸ್ ಟಾಯ್ಲೆಟ್ ತುಂಬುತ್ತದೆ. ಜೊತೆಗೆ ಬಂದವರ ಮುಂದೆ "ನನಗೆ ಆಗಲ್ಲ" ಅನ್ನಲು ಮನಸ್ಸಾಗುವುದಿಲ್ಲ. ಬಾಥ್‌ರೂಮಿಗೆ ಹೋಗಿ ಬರ್ತೀನಿ ಎಂದು ಎದ್ದು ಬಂದು, ದೃಶ್ಯ ಮುಗಿಯುವವರೆಗೆ ಅಲ್ಲಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅಲ್ಲಿ ಶಾಂತಾಬಾಯಿ ಎಂಬ ಮರಾಠಿ ಹೆಂಗಸು ಕೆಲಸಕ್ಕಿದ್ದಳು. ಸಿನಿಮಾ ನೋಡದೆಯೇ ಅದು ಎಂಥದ್ದೆಂದು ಆಕೆ ಹೇಳುತ್ತಿದ್ದಳು: "ಮೇಡಂ, ಇವತ್ತಿನದ್ದು ಏಳು ಹೆಂಗಸರ ಪಿಚ್ಚರ್." ಹೊಸ ವ್ಯವಸ್ಥೆ ಬಂದು ಆಕೆಯ ಕೆಲಸ ಹೋಯಿತು. ಗಂಟೆಗೊಮ್ಮೆ ಯಾರೋ ಬಂದು ಒರೆಸಿ, ಗೋಡೆಯ ಮೇಲಿನ ಹಾಳೆಗೆ ಸಹಿ ಹಾಕಿ ಹೋಗತೊಡಗಿದರು. ಆ ಬದಲಾವಣೆಗೆ ನಾನೂ ಒಪ್ಪಿದ್ದೆ.

ಇನ್ನು ಆ ಸಿನಿಮಾ. ಲೋಣಾವಳಾದ ಹಾಳುಬಿದ್ದ ನರ್ಸಿಂಗ್ ಹೋಮ್ ಒಂದರಲ್ಲಿ ಸೆರೆಸಿಕ್ಕ ನರ್ಸ್ ಒಬ್ಬಳ ಕಥೆ. ನಲವತ್ತು ನಿಮಿಷ ಅವಳನ್ನು ಹಿಂಸಿಸುತ್ತಾರೆ, ಕ್ಯಾಮೆರಾ ಎಲ್ಲಿಯೂ ಮುಖ ತಿರುಗಿಸುವುದಿಲ್ಲ. ಬಿಡುಗಡೆಗೆ ಮೊದಲೇ ಗಲಾಟೆಯಾಗಿತ್ತು. ಮೊದಲ ದಿನ ಮಹಿಳೆಯರಿಗೆ ಅವಮಾನವೆಂದು ಒಂದು ಗುಂಪು ಬಂದು ಗೇಟಿನ ಮುಂದೆ ಕೂಗಿತು. ಎರಡನೆಯ ದಿನ ಅದೇ ಗುಂಪಿನ ಇಬ್ಬರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಟಿಕೆಟ್ ತೆಗೆದುಕೊಂಡರು. ನನಗೂ ಸಿನಿಮಾ ಹಿಡಿಸಿರಲಿಲ್ಲ. ಆದರೆ ಖಾಲಿ ಹಾಲ್ ಅದಕ್ಕಿಂತ ಹೆಚ್ಚು ಹೆದರಿಸುತ್ತಿತ್ತು.

ಡಿಸ್ಟ್ರಿಬ್ಯೂಟರ್ ಕಡೆಯ ಪ್ರಚಾರದ ಮನುಷ್ಯ ಬತ್ರಾ. ಈಗಿನ ಕಾಲದ ಹಾರರ್ ಸಿನಿಮಾ ಪೋಸ್ಟರಿನಿಂದ ಓಡುವುದಿಲ್ಲ, ಪ್ರೇಕ್ಷಕರು ಮಾಡುವ ರೀಲುಗಳಿಂದ ಓಡುತ್ತದೆ ಎಂಬುದು ಅವನ ಲೆಕ್ಕ. "ಮೇಡಂ, ಪಬ್ಲಿಕ್ ಕೋ ಡರ್ ನಹೀ ಚಾಹಿಯೇ, ಡರ್ ಕಾ ವೀಡಿಯೋ ಚಾಹಿಯೇ" ಎಂದ. ಜನಕ್ಕೆ ಭಯ ಬೇಡ, ಭಯಪಟ್ಟದ್ದರ ವೀಡಿಯೋ ಬೇಕು. ಅದಕ್ಕಾಗಿ ಅವನು ಎರಡು ಏರ್ಪಾಡು ಮಾಡಿದ.

ಒಂದು, ಆರ್ಕೆಸ್ಟ್ರಾದವರು ಬಳಸುವ ಹೊಗೆಯಂತ್ರವನ್ನು ಪರದೆಯ ಹಿಂದೆ ಇಡಿಸಿದ. ಇಂಟರ್ವಲ್ ನಂತರ ನೆಲಮಾಳಿಗೆಯ ದೃಶ್ಯ ಬಂದಾಗ ಪರದೆಯ ಕೆಳಗಿನಿಂದ ಹೊಗೆ ಹರಿದು ಮುಂದಿನ ಸಾಲುಗಳಿಗೆ ಬರುತ್ತಿತ್ತು. ಇನ್ನೊಂದು ಏರ್ಪಾಡು ನಾನೇ. ಆಟ ಶುರುವಾಗುವ ಮುನ್ನ ಬಿಳಿ ಕೋಟು ಹಾಕಿಕೊಂಡು ವೇದಿಕೆಗೆ ಬಂದು, ಮೈಕಿನಲ್ಲಿ, ಹೃದಯ ದುರ್ಬಲವಾಗಿರುವವರು ಈಗಲೇ ಎದ್ದು ಹೋಗಿ ಎಂದು ನಡುಗುವ ದನಿಯಲ್ಲಿ ಹೇಳಬೇಕು. ಕಾಲೇಜಿನಲ್ಲಿ ಕನ್ನಡ ಸಂಘದ ನಾಟಕಗಳಲ್ಲಿ ಪಾತ್ರ ಮಾಡಿದವಳು ನಾನು. ಚೆನ್ನಾಗಿಯೇ ಮಾಡಿದೆ. ಸತ್ಯ ಹೇಳಬೇಕೆಂದರೆ ಖುಷಿಯೂ ಆಯಿತು. ಮೂರನೆಯ ದಿನಕ್ಕೆ ನನ್ನ ವೀಡಿಯೋ ಎಲ್ಲೆಡೆ ಓಡಾಡಿ, ಲೋಕಲ್ ರೈಲಿನಲ್ಲಿ ಒಬ್ಬಳು ಗುರುತು ಹಿಡಿದು ಸೆಲ್ಫಿ ತೆಗೆದುಕೊಂಡಳು.

ನಮ್ಮ ಆಪರೇಟರ್ ದಸ್ತಗೀರ್ ಭಾಯ್‌ಗೆ ಮಾತ್ರ ಇದು ಹಿಡಿಸಲಿಲ್ಲ. ವಿಜಯಪುರದ ಕಡೆಯವರು, ರೀಲ್ ಸುತ್ತುವ ಕಾಲದಿಂದ ಕ್ಯಾಬಿನ್ನಿನಲ್ಲಿದ್ದವರು.

"ಅಕ್ಕಾರ, ಆ ಹೊಗಿ ಬಿಟ್ಟಾಗೊಮ್ಮೆ ಫೈರ್ ಅಲಾರಂ ಒದರಾಕ ಹತ್ತೈತ್ರಿ. ಅದಕ್ಕೇನ್ ಗೊತ್ತ, ಇದು ಬತ್ರಾನ ಹೊಗಿ, ಅದು ಖರೇ ಹೊಗಿ ಅಂತ?"

"ಆ ಆಟದ ಮಟ್ಟಿಗೆ ಆಫ್ ಮಾಡೋಣ, ದಸ್ತಗೀರ್ ಭಾಯ್."

"ಹಂಗಾರ ರಿಜಿಸ್ಟರ್‌ನ್ಯಾಗ ನಿಮ್ಮ ಸಹಿ ಹಾಕ್ರಿ. ನಾ ಹಾಕಾಂಗಿಲ್ಲ."

ಹಾಕಿದೆ. ದಿನವೂ, ಒಂದೊಂದು ಆಟಕ್ಕೂ, ಅಲಾರಂ ಬಂದ್ ಎಂದು ನನ್ನ ಕೈಯಿಂದಲೇ ಬರೆದು ಸಹಿ ಹಾಕಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಬೇರೇನು ಮರೆತರೂ ಇದೊಂದನ್ನು ನೆನಪಿಡಿ: ತಪ್ಪು ಮಾಡುವಾಗ ತಪ್ಪು ಮಾಡುತ್ತಿದ್ದೇನೆ ಎಂದು ಕೈಗೆ ಅನಿಸುವುದಿಲ್ಲ. ಅಕ್ಷರ ದುಂಡಗೇ ಬರುತ್ತದೆ.

ಬಾಡಿಗೆಯ ಹೊಗೆಗೆ ಸಿಹಿ ವಾಸನೆ ಇರುತ್ತದೆ, ಅಗ್ಗದ ಸೆಂಟಿನ ಹಾಗೆ. ನಾಲ್ಕು ಗಂಟೆ ಏಳು ನಿಮಿಷಕ್ಕೆ ಬಂದದ್ದು ರಬ್ಬರ್ ಸುಟ್ಟ ವಾಸನೆ. ಪಕ್ಕದ ಓಣಿಯಿಂದ ಮುಂದಕ್ಕೆ ಹೋಗಿ ಪರದೆಯ ಹಿಂದಿನ ಸಣ್ಣ ಬಾಗಿಲು ತೆಗೆದೆ. ಯಂತ್ರಕ್ಕೆ ಕರೆಂಟ್ ಕೊಟ್ಟಿದ್ದ ಎಕ್ಸ್‌ಟೆನ್ಶನ್ ಬೋರ್ಡ್ ಕರಗಿ ನೆಲಕ್ಕೆ ಅಂಟಿತ್ತು, ಅಲ್ಲಿಂದ ಬೆಂಕಿ ಪರದೆಯ ಸುತ್ತ ಕಟ್ಟಿದ್ದ ಕಪ್ಪು ಬಟ್ಟೆಯ ಅಂಚು ಹಿಡಿದು ಮೇಲೇರುತ್ತಿತ್ತು. ಡೋರ್‌ಕೀಪರ್ ಗಣಪತ್ ಬೆಂಕಿ ಆರಿಸುವ ಸಿಲಿಂಡರ್ ತಂದು ಪೂರ್ತಿ ಸುರಿದ. ಕೆಳಗಿನದ್ದು ಆರಿತು, ಮೇಲಿನದ್ದು ಆರಲಿಲ್ಲ.

ಅಗ್ನಿಶಾಮಕದವರಿಗೆ ಫೋನ್ ಮಾಡು ಎಂದು ಅವನಿಗೆ ಹೇಳಿ, ಸಿನಿಮಾ ನಿಲ್ಲಿಸಿ ಲೈಟ್ ಹಾಕಿ ಎಂದು ದಸ್ತಗೀರ್ ಭಾಯ್‌ಗೆ ಇಂಟರ್‌ಕಾಮಿನಲ್ಲಿ ಹೇಳಿದೆ. ಸಿನಿಮಾ ನಿಂತು ಲೈಟ್ ಬಂದಾಗ ಮೈಕು ಹಿಡಿದು ವೇದಿಕೆ ಹತ್ತಿದೆ. ಸ್ಟಾಲ್ ತುಂಬಿತ್ತು, ಬಾಲ್ಕನಿ ಮುಕ್ಕಾಲು ತುಂಬಿತ್ತು.

ಬೆಂಕಿ ಬಿದ್ದಿದೆ, ದಯವಿಟ್ಟು ಹೊರಗೆ ನಡೆಯಿರಿ ಎಂದು ಹಿಂದಿಯಲ್ಲಿ ಹೇಳಿದೆ.

ಚಪ್ಪಾಳೆ ಬಿತ್ತು. ಸೀಟಿ ಬಿತ್ತು. ಒಂದೊಂದೇ ಫೋನು ಮೇಲೆದ್ದು, ನನ್ನ ಕಡೆ ನೂರಾರು ಸಣ್ಣ ಬೆಳಕು ತಿರುಗಿತು. "ಮೇಡಂ, ಕೋಟ್ ಕಿಧರ್ ಹೈ?" ಎಂದು ಒಬ್ಬ ಕೂಗಿದ. ಬಿಳಿ ಕೋಟು ಎಲ್ಲಿ ಎಂದು. ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ಕಿರುಚಿದೆ. ಕಿರುಚಿದಷ್ಟೂ ಚಪ್ಪಾಳೆ ಜೋರಾಯಿತು. "ಒನ್ಸ್ ಮೋರ್" ಎಂದು ಬಾಲ್ಕನಿಯಿಂದ ಕೂಗು ಬಂತು. ಒಂದು ವಾರ ನಾನು ನಟಿಸಿದ್ದ ನಡುಕವೂ ಈಗ ನಿಜವಾಗಿ ಬಂದ ನಡುಕವೂ ಒಂದೇ ತೆರನಾಗಿದ್ದವು. ಜನರದ್ದು ತಪ್ಪಿಲ್ಲ. ಅವರಿಗೆ ಹಾಗೆ ಕಲಿಸಿದ್ದವಳು ನಾನು.

ಆಗ ರಾಷ್ಟ್ರಗೀತೆ ಶುರುವಾಯಿತು.

ಮುಂಬೈಯ ಥಿಯೇಟರುಗಳಲ್ಲಿ ಸಿನಿಮಾಕ್ಕೆ ಮೊದಲು ಅದನ್ನು ಹಾಕುವ ರೂಢಿ ನಿಮಗೆಲ್ಲ ಗೊತ್ತು. ಸಿನಿಮಾದ ನಟ್ಟನಡುವೆ ದಸ್ತಗೀರ್ ಭಾಯ್ ಅದನ್ನು ಹಾಕಿದ್ದು ಅಂದೇ. ನಗು ಅರ್ಧಕ್ಕೆ ನಿಂತಿತು. ಕುರ್ಚಿಗಳು ಸಾಲುಸಾಲಾಗಿ ಮಡಚಿಕೊಂಡ ಸದ್ದು ಕೇಳಿತು. ಎಲ್ಲರೂ ಎದ್ದು ನಿಂತರು. ಫೋನುಗಳು ಕೆಳಗಿಳಿದವು.

ನಾನೂ ನೆಟ್ಟಗೆ ನಿಂತೆ. ಅಲುಗಾಡಿದರೆ ಇದನ್ನೂ ಆಟವೆಂದುಕೊಂಡಾರು ಎಂಬ ಭಯ. ಐವತ್ತೆರಡು ಸೆಕೆಂಡು. ಬೆನ್ನಿಗೆ ಕಾವು ಬಡಿಯುತ್ತಿತ್ತು, ಪರದೆಯ ಕೆಳಮೂಲೆ ಕಂದಾಗುತ್ತಿದೆಯೆಂದು ಮುಂದಿನ ಸಾಲಿನವರ ಮುಖ ನೋಡಿಯೇ ತಿಳಿಯುತ್ತಿತ್ತು. ಬಾಗಿಲು ತೆಗೆ ಎಂದು ಗಣಪತ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವನೂ ಅಗುಳಿಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದ. ಇವತ್ತಿಗೂ ನಾನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುವುದು ಆ ಐವತ್ತೆರಡು ಸೆಕೆಂಡನ್ನೇ. ಅಷ್ಟು ಹೊತ್ತಿನಲ್ಲಿ ನಾಲ್ಕು ಸಾಲು ಹೊರಗೆ ಹೋಗಬಹುದಿತ್ತು. ಆದರೆ ಅದಿಲ್ಲದೆ ಒಂದು ಸಾಲೂ ಏಳುತ್ತಿರಲಿಲ್ಲ.

ಗೀತೆ ಮುಗಿದ ಮೇಲೆ ಜನ ಕೂರುವ ಮೊದಲು ಅರೆಗಳಿಗೆಯ ಮೌನ ಇರುತ್ತದೆ. ಅದರೊಳಗೆ, ಮೈಕು ಕೆಳಗಿಟ್ಟು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ: "ಬೈಠಿಯೇ ಮತ್. ಅಲಾರಂ ಮೈನೇ ಬಂದ್ ಕಿಯಾ ಥಾ. ಯೇ ಸಚ್ ಹೈ. ಬಾಜೂ ಕೇ ದರ್ವಾಜೇ ಸೇ ಚಲಿಯೇ." ಕೂರಬೇಡಿ, ಅಲಾರಂ ಆಫ್ ಮಾಡಿದ್ದು ನಾನೇ, ಇದು ನಿಜ, ಪಕ್ಕದ ಬಾಗಿಲಿನಿಂದ ನಡೆಯಿರಿ. ಮುಂದಿನ ಸಾಲಿನ ವಯಸ್ಸಾದ ಒಬ್ಬರು ನನ್ನ ಮುಖ ನೋಡಿದರು, ಪಕ್ಕದ ಬಾಗಿಲು ನೋಡಿದರು, ನಡೆದರು. ಅವರ ಹಿಂದೆ ಉಳಿದವರು. ಓಡಲಿಲ್ಲ. ಎದ್ದು ನಿಂತ ಜನ ನಡೆಯುತ್ತಾರೆ. ಕುಳಿತಲ್ಲಿಂದ ಬೆಚ್ಚಿಬಿದ್ದ ಜನ ಓಡುತ್ತಾರೆ.

ಸ್ಟಾಲ್ ಖಾಲಿಯಾದ ಮೇಲೆ ಬಾಲ್ಕನಿಗೆ ಹೋಗಿ ಟಾರ್ಚ್ ಹಾಕಿ ಸಾಲುಸಾಲು ನೋಡಿದೆ. ಯಾರೂ ಇರಲಿಲ್ಲ. ಕೆಳಗಿಳಿದು ಬರುವಾಗ ಅಗ್ನಿಶಾಮಕದವರು ಬಂದಿದ್ದರು. ಅವರ ಅಧಿಕಾರಿ ಮರಾಠಿಯಲ್ಲಿ ಕೇಳಿದರು: "ಆತ್ ಕೋಣೀ ಆಹೇ ಕಾ?"

"ಕೋಣೀ ನಾಹೀ" ಎಂದೆ. ಒಳಗೆ ಯಾರೂ ಇಲ್ಲ.

ಮೂವತ್ತೊಂದು ವರ್ಷದಲ್ಲಿ ನಾನಾಡಿದ ಮಾತುಗಳಲ್ಲಿ ಕೆಟ್ಟದ್ದು ಅದು. ಹಾಗೆಂದು ಎರಡು ನಿಮಿಷವಾಗಿರಬೇಕು, ಗೇಟಿನ ಹತ್ತಿರ ಒಬ್ಬ ಹುಡುಗಿ ಸುತ್ತಲಿನವರ ಮುಖ ನೋಡುತ್ತ ಹೆಸರು ಹಿಡಿದು ಕೂಗತೊಡಗಿದಳು. ಆಮೇಲೆ ನನ್ನ ಕಡೆ ತಿರುಗಿದಳು: "ರೇಶ್ಮಾ ಬಾಥ್‌ರೂಮ್ ಮೇ ಗಯೀ ಥೀ! ಊಪರ್!" ರೇಶ್ಮಾ ಮೇಲೆ, ಬಾಥ್‌ರೂಮಿಗೆ ಹೋಗಿದ್ದಳಂತೆ.

ಅಂಥ ದೃಶ್ಯ ಓಡುವಾಗ ಹೆಂಗಸರು ಎಲ್ಲಿರುತ್ತಾರೆಂದು ಆ ಕಟ್ಟಡದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಶಾಂತಾಬಾಯಿ ಹೋದ ಮೇಲೆ ನನಗೊಬ್ಬಳಿಗೇ. ಬಾಲ್ಕನಿಯಿಂದ ಆ ಬಾಗಿಲಿಗೆ ಹತ್ತು ಹೆಜ್ಜೆ. ನಾನು ಅದರ ಮುಂದೆಯೇ ಇಳಿದು ಬಂದಿದ್ದೆ.

ಅಗ್ನಿಶಾಮಕದವನೊಬ್ಬ ಮುಖವಾಡ ಹಾಕಿಕೊಂಡು ಒಳಗೆ ಹೋಗಿ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಕಿವಿಯಲ್ಲಿ ಇಯರ್‌ಫೋನ್ ಇನ್ನೂ ಇತ್ತು. ಸಿನಿಮಾದ ಚೀರಾಟ ಕೇಳದಿರಲೆಂದು ಹಾಕಿಕೊಂಡಿದ್ದಳು. ಅವಳಿಗೆ ಗೀತೆಯೂ ಕೇಳಿಲ್ಲ, ನನ್ನ ಕೂಗೂ ಕೇಳಿಲ್ಲ. ಹೊಗೆ ಎ.ಸಿ. ದಾರಿಯಿಂದ ಹೋಗಿ ಟಾಯ್ಲೆಟ್ಟಿನಲ್ಲೇ ಮೊದಲು ತುಂಬಿತ್ತು.

ಬೆಂಕಿ ಅರ್ಧ ಗಂಟೆಯಲ್ಲಿ ಆರಿತು. ಅದು ದೊಡ್ಡ ಬೆಂಕಿಯೇನಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು.

ಮರುದಿನ ಆಸ್ಪತ್ರೆಗೆ ಹೋದೆ. ವೆಂಟಿಲೇಟರ್ ಹಾಕಿದ್ದರು. ಹುಡುಗಿ ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಲಸ ಮಾಡುವವಳು, ಮನೆ ಭಾಂಡುಪಿನಲ್ಲೇ. ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಯಾರೊಡನೆಯೋ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು, ದಸ್ತಗೀರ್ ಭಾಯ್ ಆಡುವಂಥದೇ ಕನ್ನಡ. ಹತ್ತಿರ ಹೋಗಿ ನಾನು ಇಂಥವಳು ಎಂದೆ.

ಅವರು ಫೋನು ಇಟ್ಟರು. "ಒಳಗ ಯಾರೂ ಇಲ್ಲ ಅಂದಾಕಿ ನೀವಽ ಏನ್ರಿ?"

"ಹೌದು, ನಾನೇ."

"ನನ್ನ ಮಗಳು ಯಾರೂ ಅಲ್ಲೇನ್ರಿ ಹಂಗಾರ?"

ನಾನು ಬೆಂಚಿನ ತುದಿಗೆ ಕುಳಿತೆ. "ಎದ್ದು ಹೋಗ್ರಿ ಇಲ್ಲಿಂದ" ಎಂದರು. ಎದ್ದು ಬಂದೆ.

ಆ ವಾರ ಮಾಲೀಕರ ಕಚೇರಿಯಿಂದ ನನಗೂ ದಸ್ತಗೀರ್ ಭಾಯ್‌ಗೂ ಮೆಮೋ ಬಂತು. ಸಿನಿಮಾದ ನಡುವೆ ರಾಷ್ಟ್ರಗೀತೆ ಹಾಕಲು ಯಾರು ಅನುಮತಿ ಕೊಟ್ಟರು, ಪರದೆಗೆ ಎಷ್ಟು ಹಾನಿಯಾಯಿತು, ಇವೆರಡೇ ಪ್ರಶ್ನೆ. ಅಲಾರಮ್ಮಿನ ಮಾತಿಲ್ಲ. ದಸ್ತಗೀರ್ ಭಾಯ್ ಮೆಮೋವನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಈ ಮುಂಬೈದಾಗ ಕುಂತ ಮಂದಿ ಎದ್ದು ನಿಂದ್ರೂದು ಅದೊಂದಕ್ಕಽ ರೀ ಅಕ್ಕಾರ. ಮತ್ತೇನ್ ಹಾಕ್ಬೇಕಿತ್ತು, ಬತ್ರಾನ ಭಾಷಣ ಹಾಕ್ಲೇನು?"

ಬತ್ರಾ ಫೋನ್ ಮಾಡಿದ. ಮೊದಲು ನನ್ನ ಆರೋಗ್ಯ ವಿಚಾರಿಸಿದ. ಆಮೇಲೆ, ಅಗ್ನಿಶಾಮಕದವರು ಅಷ್ಟೊಂದು ನೀರು ಹೊಡೆದರಲ್ಲ, ರಿಜಿಸ್ಟರುಗಳೆಲ್ಲ ತೊಯ್ದು ಹೋಗಿರಬೇಕಲ್ಲವೇ ಮೇಡಂ, ಎಂದ. ರಿಜಿಸ್ಟರ್ ತೊಯ್ದಿರಲಿಲ್ಲ. ಅದು ನನ್ನ ಕೈಚೀಲದಲ್ಲಿತ್ತು. ಯಾಕೆ ಮನೆಗೆ ತಂದೆ ಎಂದು ನನ್ನನ್ನೇ ಕೇಳಿಕೊಳ್ಳದೆ ಮೂರು ದಿನ ಇಟ್ಟುಕೊಂಡಿದ್ದೆ. ಅಡುಗೆಮನೆಯಲ್ಲಿ ಬಕೆಟ್ಟು ಇತ್ತು, ನಲ್ಲಿಯಲ್ಲಿ ನೀರಿತ್ತು. ಒಂದು ಬೆಳಿಗ್ಗೆ ಬಕೆಟ್ಟಿನ ಮುಂದೆ ಕುಳಿತೂ ಇದ್ದೆ.

ತಾಯಿಯ ಪ್ರಶ್ನೆ ನೆನಪಾಗಿ ರಿಜಿಸ್ಟರನ್ನು ಉಳಿಸಿದೆ ಎಂದರೆ ಸುಳ್ಳಾದೀತು. ಆ ಜನರ ಮುಂದೆ ಅಲಾರಂ ಬಂದ್ ಮಾಡಿದ್ದು ನಾನೇ ಎಂದು ಆಗಲೇ ಹೇಳಿಬಿಟ್ಟಿದ್ದೆನಲ್ಲ, ಅದು ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ, ಎಂಬ ಲೆಕ್ಕವೂ ಇತ್ತು. ಕಾರಣ ಏನೇ ಇರಲಿ, ಕೊಟ್ಟೆ. ವಿಚಾರಣೆಯವರು ಪುಟ ತಿರುಗಿಸಿ ನನ್ನ ಸಹಿಗಳನ್ನು ನೋಡಿದರು. ನಾನು ಆ ಹುದ್ದೆಯಿಂದ ಇಳಿದೆ. ಉಳಿದ ಮೂರು ವರ್ಷ ಕಚೇರಿಯಲ್ಲಿ ಬುಕಿಂಗ್ ಕಾಗದ ನೋಡಿಕೊಂಡು ಕಳೆದೆ. ಅದು ನ್ಯಾಯವೇ.

ಕೊಟ್ಟ ದಿನವೇ ಆಸ್ಪತ್ರೆಗೆ ಹೋಗಿ ಅದನ್ನೂ ತಾಯಿಗೆ ಹೇಳಿದೆ. ಈ ಸಲ ಅವರು ಎದ್ದು ಹೋಗು ಎನ್ನಲಿಲ್ಲ. ಆಮೇಲೆ ದಿನವೂ ಹೋದೆ. ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವರು. ಹನ್ನೊಂದನೆಯ ದಿನ ವೆಂಟಿಲೇಟರ್ ತೆಗೆದರು. ತೆಗೆದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ನರ್ಸ್ ಹೇಳುವವರೆಗೆ, ಬೆಂಚಿನ ನಡುವೆ ಇದ್ದ ಜಾಗವನ್ನು ದಾಟಿ ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ನರ್ಸ್ ಹೇಳಿದ ಮೇಲೆ ಬಿಟ್ಟರು.

ಮನೆಯಲ್ಲಿ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಚಪ್ಪಾಳೆ ಕೇಳುತ್ತಿತ್ತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ರೇಶ್ಮಾಳನ್ನು ಜನರಲ್ ವಾರ್ಡಿಗೆ ತಂದರು. ತಾಯಿ ನನ್ನನ್ನು ಒಳಗೆ ಕರೆದರು. ಹುಡುಗಿ ದಿಂಬಿಗೆ ಒರಗಿ ಕುಳಿತಿದ್ದಳು, ದನಿ ಒಡೆದಿತ್ತು. ನಾನು ಹತ್ತೊಂಬತ್ತು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಶುರು ಮಾಡಿದೆ: ನಾನು ಟಾಯ್ಲೆಟ್ ನೋಡಬೇಕಿತ್ತು, ನೋಡಲಿಲ್ಲ, ನನಗೆ ಗೊತ್ತಿದ್ದೂ—

"ಹಾಂ, ಅಮ್ಮಿ ಬೋಲೀ" ಎಂದು ಅವಳು ಕೈಯೆತ್ತಿ ತಡೆದಳು, ತಾಯಿ ಎಲ್ಲ ಹೇಳಿದ್ದರು. ಆಮೇಲೆ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು: "ಮೇಡಂ, ಆ ಪಿಚ್ಚರ್... ಲಾಸ್ಟಲ್ಲಿ ಏನು ಆಯ್ತು? ಆ ನರ್ಸ್ ಬಚ್ ಗಯೀ ಕ್ಯಾ? ಬದುಕಿದ್ಳಾ?"

"ಆ ಸಿನಿಮಾನಾ?"

"ನಾನು ಅರ್ಧ ನೋಡಿದೆ ನಾ. ಫ್ರೆಂಡ್ ಹೇಳ್ತಾ ಇಲ್ಲ. ನನಗೆ ಟೆನ್ಶನ್ ಆಗ್ತದೆ ಅಂತ."

ಪಕ್ಕದ ಹಾಸಿಗೆಯ ಹೆಂಗಸೂ ಇತ್ತ ತಿರುಗಿದಳು. ಆ ಸಿನಿಮಾವನ್ನು ನಾನು ಇಪ್ಪತ್ತಕ್ಕೂ ಹೆಚ್ಚು ಸಲ ನೋಡಿದ್ದೆ. ದನಿ ನಡುಗಿಸದೆ ಹೇಳಿದೆ. ಆ ನರ್ಸ್ ಮೊದಲ ದೃಶ್ಯದಲ್ಲೇ ಬಸ್ಸಿನ ಅಪಘಾತದಲ್ಲಿ ಸತ್ತಿರುತ್ತಾಳೆ. ನಡುವೆ ನಡೆದದ್ದೆಲ್ಲ, ಆ ಕಟ್ಟಡ, ಆ ನಲವತ್ತು ನಿಮಿಷ, ಯಾವುದೂ ನಡೆದೇ ಇರುವುದಿಲ್ಲ. ಕೊನೆಗೆ ಮಂಚದ ಕೆಳಗಿನಿಂದ ಒಂದು ಕೈ ಹೊರಗೆ ಬರುತ್ತದೆ, ಎರಡನೆಯ ಭಾಗಕ್ಕೆಂದು.

ರೇಶ್ಮಾ ನನ್ನನ್ನೇ ನೋಡುತ್ತಿದ್ದಳು. "ಇಷ್ಟೇ?"

"ಇಷ್ಟೇ."

"ಇದಕ್ಕೆ ನಾನು ಹೆದರಿ ಹೋಗಿ ಅಲ್ಲಿ ಬೈಠೀ ಥೀ?"

ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ನರ್ಸ್ ಓಡಿಬಂದಳು. ತಾಯಿ ಬೆನ್ನು ನೀವುತ್ತ, "ನಗಬ್ಯಾಡ, ಹುಚ್ಚಿ, ನಗಬ್ಯಾಡ" ಎಂದು ಗದರಿದರು. ಕೆಮ್ಮು ನಿಂತಿತು. ಅವಳು ಒಂದು ದೊಡ್ಡ ಉಸಿರೆಳೆದುಕೊಂಡಳು, ನಾವು ಮೂವರೂ ಅದನ್ನು ಕೇಳಿದೆವು. ಅದು ಪೂರ್ತಿ ಒಳಗೆ ಹೋಗಿ ಪೂರ್ತಿ ಹೊರಗೆ ಬಂತು.

ತಾಯಿ ನನ್ನನ್ನು ಬಾಗಿಲಿನವರೆಗೆ ಕಳಿಸಲು ಬಂದರು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ನಾಳೆ ಬರಬ್ಯಾಡ್ರಿ. ನಿಮ್ಮ ಕಣ್ಣು ನೋಡ್ಕೊಂಡೀರೇನು? ಮನಿಗೆ ಹೋಗಿ ಮಕ್ಕೋರಿ."

ಸ್ಟೇಷನ್ನಿಗೆ ನಡೆದು, ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದೆ. ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲು ಬಂದಿತ್ತು, ಗಂಟೆ ಎಂಟೂವರೆ ದಾಟಿತ್ತು.